ಬಿ.ಎಡ್. ಪತ್ರವೋ, ಪರದೇಶದ ಪಾಠಶಾಲೆಯೋ?

ಪದವಿ ಪರೀಕ್ಷೆಗಳು ಮುಗಿದು ಫಲಿತಾಂಶ ಹೊರಬೀಳುವ ಹೊತ್ತಿಗೆ ನಮ್ಮ ಜಿಲ್ಲೆಯ ಅನೇಕ ತರುಣ ತರುಣಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರಲ್ಲಿ ಬಹುಮಂದಿ ಬಿಡಾರ ಹೂಡುವುದು ಆ ನಗರದ ಪಶ್ಚಿಮ ಭಾಗದಲ್ಲಿ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳ ಬೀದಿಗಳು ಇಂದು ಸರ್ಕಾರಿ ಉದ್ಯೋಗದ ಆಕಾಂಕ್ಷಿಗಳ ಊರೇ ಆಗಿವೆ. ಬೀದರ್, ರಾಯಚೂರು, ಕೊಪ್ಪಳ, ವಿಜಯಪುರಗಳಿಂದ ಬಂದವರೂ ನಮ್ಮವರೂ ಅಲ್ಲಿ ಒಂದೇ ಕೊಠಡಿಯಲ್ಲಿ ನಾಲ್ಕು ಮಂಚ ಹಾಕಿಕೊಂಡು, ತಿಂಗಳ ಬಾಡಿಗೆಗೆ ಒಂದು ಕುರ್ಚಿ ಒಂದು ಮೇಜು ಕೊಡುವ ಓದುವ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತು, ಶಿಕ್ಷಕರ ಅರ್ಹತಾ ಪರೀಕ್ಷೆಗೂ ನೇಮಕಾತಿ ಪರೀಕ್ಷೆಗೂ ಓದುತ್ತಾರೆ. ಕೆಂಗೇರಿಯ ಕಡೆಗೆ ಹೋದರೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ. ಈಚೆಗೆ ಬಂದರೆ ರಾಜಾಜಿನಗರ, ಬಸವೇಶ್ವರನಗರ. ಗಿರಣಿ ಮತ್ತು ಕಾರ್ಖಾನೆಗಳ ಕೆಲಸಗಾರರು ಮಕ್ಕಳನ್ನು ಓದಿಸಿ ಮೇಲೆ ತಂದ ಬಡಾವಣೆಗಳು. ಇದೇ ಬೀದಿಗಳಲ್ಲಿ ಇನ್ನೊಂದು ಬಗೆಯ ಫಲಕಗಳೂ ಎದ್ದಿವೆ. ಇಂಗ್ಲಿಷ್ ಪರೀಕ್ಷೆಗೆ ತರಬೇತಿ, ವೀಸಾ ಸಲಹೆ, ಹೊರದೇಶದಲ್ಲಿ ಶಿಕ್ಷಕರ ಕೆಲಸ ಎಂಬ ಫಲಕಗಳು. ಪದವಿ ಮುಗಿಸಿದ ತರುಣನ ಎದುರಿಗೆ ಪ್ರಶ್ನೆ ಸರಳವಾಗಿ ನಿಲ್ಲುತ್ತದೆ: ಎರಡು ವರ್ಷ ಬಿ.ಎಡ್. ಓದಿ ಅರ್ಹತಾ ಪತ್ರ ಪಡೆಯಬೇಕೆ, ಅಥವಾ ಇದ್ದ ಪದವಿಯನ್ನೇ ಹಿಡಿದು ಹೊರನಾಡಿಗೆ ಪಾಠ ಹೇಳಲು ಹೋಗಬೇಕೆ?

ಇದು ಒಬ್ಬೊಬ್ಬರ ಖಾಸಗಿ ವಿಚಾರ, ಪತ್ರಿಕೆಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರು ಇರಬಹುದು. ನಾವು ಹಾಗೆ ಭಾವಿಸುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮನೆಯ ಹೊಲ ಅಡವಿಗೆ ಬೀಳುತ್ತದೆ. ತಾಯಿಯ ಕೊರಳಿನ ಸರ ಸಹಕಾರ ಸಂಘದ ಪೆಟ್ಟಿಗೆ ಸೇರುತ್ತದೆ. ಹುಡುಗಿಯ ಮದುವೆ ಮುಂದಕ್ಕೆ ಹೋಗುತ್ತದೆ ಅಥವಾ ಓದು ಹಿಂದಕ್ಕೆ ಬೀಳುತ್ತದೆ. ಮತ್ತೊಂದು ಕಡೆ, ಯಾರೋ ಒಬ್ಬ ಉಪಾಧ್ಯಾಯ ಬರಬೇಕಾಗಿದ್ದ ಹಳ್ಳಿಯ ಶಾಲೆಯಲ್ಲಿ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ. ಇಷ್ಟೆಲ್ಲ ಅಡಗಿರುವ ವಿಷಯ ಸಾರ್ವಜನಿಕ ವಿಷಯವೇ ಸರಿ.

ಮೊದಲು ನಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಬಲದಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟಿನಲ್ಲಿ, ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವವರು ವೃತ್ತಿ ತರಬೇತಿಯ ಜೊತೆಗೆ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿರಬೇಕೆಂದು ವಿಧಿಸಿತು. ಒಂದರಿಂದ ಐದಕ್ಕೆ ಒಂದು ಪತ್ರಿಕೆ, ಆರರಿಂದ ಎಂಟಕ್ಕೆ ಇನ್ನೊಂದು. ತಲಾ 150 ಅಂಕ, ಸಾಮಾನ್ಯ ವರ್ಗದವರಿಗೆ 90 ಬಂದರೆ ತೇರ್ಗಡೆ. ಪ್ರಮಾಣಪತ್ರದ ಆಯುಸ್ಸು ಮೊದಲು ಏಳು ವರ್ಷವಿತ್ತು; 2021ರಲ್ಲಿ ಅದನ್ನು ಆಜೀವ ಮಾಡಿದರು. ಬಿ.ಎಡ್. ತರಗತಿ ಒಂದು ವರ್ಷವಿದ್ದದ್ದು 2015ರಿಂದ ಎರಡು ವರ್ಷವಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ನಿಂತು ಕಲಿಸುವ ಅಭ್ಯಾಸ ಸೇರಿದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಸಲ್ಲದು, ಚಿಕ್ಕ ಮಕ್ಕಳಿಗೆ ಕಲಿಸಲೆಂದೇ ಇರುವ ಡಿಪ್ಲೊಮಾ ಆಗಿರಬೇಕು ಎಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ, ಈಗಾಗಲೇ ಕೆಲಸದಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರೂ ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸು ಮಾಡಬೇಕೆಂದಿತು.

ಇದರ ಅರ್ಥವನ್ನು ತರುಣರು ಸ್ಪಷ್ಟವಾಗಿ ತಿಳಿಯಬೇಕು. ವರ್ಷಗಳು ಕಳೆದಂತೆ ಪತ್ರದ ಬಿಗಿ ಹೆಚ್ಚುತ್ತಿದೆಯೇ ಹೊರತು ಸಡಿಲವಾಗುತ್ತಿಲ್ಲ. ಪತ್ರವಿಲ್ಲದೆ ಖಾಸಗಿ ಶಾಲೆಯಲ್ಲಿ ಕೆಲಸ ಸಿಗಬಹುದು. ಆದರೆ ಅಂಥವರು ಸಂಬಳ ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಆಡಳಿತ ಮಂಡಲಿಯ ಕೃಪೆಯಲ್ಲಿರುತ್ತಾರೆ. ಪತ್ರ ಎಂಬುದು ಕಲಿಸುವ ಕಲೆಗೆ ಪ್ರಮಾಣವಾಗಿರುವಷ್ಟೇ ಕೆಲಸಗಾರನ ಕೈಯಲ್ಲಿರುವ ಆಯುಧವೂ ಹೌದು.

ತರಬೇತಿಯೆಂದರೆ ಬರಿಯ ಕಾಗದವೆಂದು ಮೂದಲಿಸುವ ಚಾಳಿ ನಮ್ಮಲ್ಲಿ ಬೆಳೆದಿದೆ. ಹಾಜರಿಯಿಲ್ಲದೆ ಹಣಕ್ಕೆ ಪತ್ರ ಮಾರುವ ಕಾಲೇಜುಗಳು ಇರುವವರೆಗೆ ಈ ಮೂದಲಿಕೆಯಲ್ಲಿ ಹುರುಳೂ ಉಂಟು. ಆದರೆ ಧಾರವಾಡದ ನಾರ್ಮಲ್ ಶಾಲೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಮಾಸ್ತರರ ಪಡೆಯನ್ನೇ ತಯಾರಿಸದಿದ್ದರೆ ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಗಳೇ ಬಾಳುತ್ತಿರಲಿಲ್ಲ. ಮೈಸೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿಯನ್ನೂ ತರಬೇತಿಯನ್ನೂ ನಾಲ್ಕು ವರ್ಷದಲ್ಲಿ ಒಟ್ಟಿಗೆ ಕಲಿಸುವ ಪದ್ಧತಿ ಅಂದೇ ಬಂತು. ದೆಹಲಿಯವರು ಈಗ ಅದನ್ನೇ ಹೊಸ ನೀತಿಯೆಂದು ಹೊರತಂದಿದ್ದಾರೆ. ಒಂದು ತರಗತಿಯಲ್ಲಿ ಐವತ್ತು ಮಕ್ಕಳನ್ನು ಹಿಡಿದು ಕೂರಿಸಿ ಭಿನ್ನರಾಶಿ ಅರ್ಥ ಮಾಡಿಸುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಅದನ್ನು ಕಲಿಯಬೇಕು.

ಇನ್ನು ಪರದೇಶದ ಮಾತು. ಅಲ್ಲಿ ಉಪಾಧ್ಯಾಯರ ಅಭಾವವಿದೆ ಎಂಬುದು ಸುಳ್ಳಲ್ಲ. 2030ರೊಳಗೆ ಪ್ರಪಂಚಕ್ಕೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕೆಂದು ಯುನೆಸ್ಕೋ ಲೆಕ್ಕ ಹಾಕಿದೆ. ಆದರೆ ಬೇಕಾಗಿರುವುದು ಯಾರು? ಒಂದೊಂದೇ ಬಾಗಿಲನ್ನು ತಟ್ಟಿ ನೋಡೋಣ.

ಇಂಗ್ಲೆಂಡು 2023ರ ಫೆಬ್ರವರಿಯಲ್ಲಿ ಭಾರತದ ಉಪಾಧ್ಯಾಯರು ಅಲ್ಲಿನ ಅರ್ಹ ಶಿಕ್ಷಕ ಸ್ಥಾನಕ್ಕೆ ನೇರವಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ಅದೂ ಗಣಿತ, ವಿಜ್ಞಾನ, ಭಾಷೆಗಳಿಗೆ ಮಾತ್ರ. ಪದವಿಯ ಮೇಲೆ ಶಿಕ್ಷಕ ತರಬೇತಿ ಇರಬೇಕು, ತರಬೇತಿಯ ನಂತರ ಕನಿಷ್ಠ ಒಂದು ವರ್ಷ ಕಲಿಸಿರಬೇಕು. ಈ ಸ್ಥಾನ ದೊರೆತರೆ ಕೆಲಸವಾಗಲಿ ವೀಸಾ ಆಗಲಿ ಸಿಕ್ಕಿದಂತಲ್ಲ. ಅವೆರಡನ್ನೂ ಬೇರೆಯಾಗಿ ಹುಡುಕಬೇಕು. ಅಮೆರಿಕೆಯ ವಿನಿಮಯ ಯೋಜನೆಯಲ್ಲಿ ಹೋಗುವ ಉಪಾಧ್ಯಾಯನಿಗೆ ಎರಡು ವರ್ಷದ ಪೂರ್ಣಕಾಲಿಕ ಅನುಭವವಿರಬೇಕು. ಅವಧಿ ಮೂರು ವರ್ಷ, ಹೆಚ್ಚೆಂದರೆ ಐದು, ಆಮೇಲೆ ಮನೆಗೆ. ದಕ್ಷಿಣ ಕೊರಿಯಾ ಇಂಗ್ಲಿಷ್ ಕಲಿಸಲು ಇಂಗ್ಲಿಷ್ ಮಾತೃಭಾಷೆಯ ಏಳು ದೇಶಗಳ ಪ್ರಜೆಗಳನ್ನು ಕರೆಯುತ್ತದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಭಾರತೀಯರಿಗೆ ಒಂದು ಕಿರುಬಾಗಿಲು ತೆರೆದರೂ, ಅದರಲ್ಲಿ ನುಗ್ಗಲು ಶಿಕ್ಷಕ ಪರವಾನಗಿ ಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ನಮ್ಮ ಕೇಂದ್ರ ಪಠ್ಯಕ್ರಮವನ್ನೇ ಅನುಸರಿಸುವ ಶಾಲೆಗಳಿವೆ; ಕನ್ನಡಿಗ ಉಪಾಧ್ಯಾಯಿನಿಯರು ಅಲ್ಲಿ ಅನೇಕರಿದ್ದಾರೆ. ಆ ಶಾಲೆಗಳೂ ಮೊದಲು ಕೇಳುವುದು ಬಿ.ಎಡ್. ಇದೆಯೇ, ಎಷ್ಟು ವರ್ಷ ಕಲಿಸಿದ್ದೀರಿ ಎಂದೇ.

ಹಾಗಾದರೆ ಬೀದಿಯ ಫಲಕದ ಮೇಲಿನ ಪ್ರಶ್ನೆಯೇ ತಪ್ಪಾಗಿ ಬರೆಯಲ್ಪಟ್ಟಿದೆ. ಪತ್ರವೋ ಪರದೇಶವೋ ಎಂಬ ಕವಲುದಾರಿ ಬಹುಪಾಲು ಜನರಿಗೆ ಇಲ್ಲವೇ ಇಲ್ಲ. ಒಳ್ಳೆಯ ಸಂಬಳ ಕೊಡುವ, ಕಾನೂನಿಗೆ ಒಳಪಟ್ಟ ಪರದೇಶದ ಪ್ರತಿಯೊಂದು ಶಾಲೆಗೂ ದಾರಿ ಹೋಗುವುದು ಪತ್ರದ ಮೂಲಕವೇ. ಪತ್ರ ಕೇಳದೆ, ಅನುಭವ ಕೇಳದೆ, ನೂರಿಪ್ಪತ್ತು ಗಂಟೆಗಳ ಇಂಗ್ಲಿಷ್ ಬೋಧನಾ ತರಬೇತಿಗೆ ದುಡ್ಡು ಕಟ್ಟಿದರೆ ಸಾಕು ಎಂದು ಕರೆಯುವವರು ಯಾರು ಎಂಬುದನ್ನು ಆಮೇಲೆ ಹೇಳಬೇಕಾಗಿಲ್ಲ. ಅಂಥ ಕಡೆ ಹೋದವನು ಪ್ರವಾಸಿಯ ವೀಸಾದ ಮೇಲೆ ಪಾಠ ಹೇಳುತ್ತಾನೆ. ಸಂಬಳ ಕೊಡದಿದ್ದರೆ ದೂರು ಕೊಡಲಾರ, ಏಕೆಂದರೆ ದೂರು ಕೊಟ್ಟ ದಿನವೇ ಅವನು ಅಪರಾಧಿ.

ತರಬೇತಿ ಪಡೆದವರಿಗೂ ಅಪಾಯ ತಪ್ಪಿದ್ದಲ್ಲ. ಫಿಲಿಪೈನ್ಸಿನಿಂದ 2007ರಿಂದ ಮುಂದೆ ಅಮೆರಿಕೆಯ ಲೂಸಿಯಾನ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋದ ಸುಮಾರು 350 ಮಂದಿ ಉಪಾಧ್ಯಾಯರ ಕಥೆಯನ್ನು ನಮ್ಮ ತರುಣರು ತಿಳಿದಿರಬೇಕು. ಅವರು ಅನುಭವಿಗಳು, ಪತ್ರವುಳ್ಳವರು. ನೇಮಕಾತಿ ಏಜೆಂಟರು ಅವರಿಂದ ಸಾವಿರಾರು ಡಾಲರು ವಸೂಲು ಮಾಡಿ, ಸಾಲದಲ್ಲಿ ಮುಳುಗಿಸಿ, ಮುಂದಿನ ಸಂಬಳದಲ್ಲೂ ಪಾಲು ಕೇಳಿದರು. ಉಪಾಧ್ಯಾಯರು ಅಲ್ಲಿನ ಶಿಕ್ಷಕರ ಸಂಘದ ನೆರವಿನಿಂದ ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು; 2012ರ ಡಿಸೆಂಬರಿನಲ್ಲಿ ಜ್ಯೂರಿ ಅವರಿಗೆ 45 ಲಕ್ಷ ಡಾಲರು ಕೊಡಿಸಿತು. ಒಬ್ಬೊಬ್ಬರೇ ಇದ್ದಾಗ ಹೆದರಿ ಸುಮ್ಮನಿದ್ದವರು ಸಂಘಟಿತರಾದಾಗ ಗೆದ್ದರು. ಈ ಪಾಠ ಯಾವ ಬಿ.ಎಡ್. ಪಠ್ಯಕ್ರಮದಲ್ಲೂ ಇಲ್ಲ.

ನಮ್ಮ ದೇಶದಲ್ಲೂ ಕಾನೂನು ಇಲ್ಲದಿಲ್ಲ. 1983ರ ವಲಸೆ ಕಾಯಿದೆಯಂತೆ ಹೊರದೇಶದ ಉದ್ಯೋಗಕ್ಕೆ ಜನರನ್ನು ಸೇರಿಸುವ ಪ್ರತಿಯೊಬ್ಬ ಏಜೆಂಟನೂ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆತ ಕೇಳಬಹುದಾದ ಸೇವಾಶುಲ್ಕಕ್ಕೆ 30 ಸಾವಿರ ರೂಪಾಯಿ ಮತ್ತು ತೆರಿಗೆಯ ಮಿತಿ ಇದೆ. ಆದರೆ ಸಲಹಾ ಕೇಂದ್ರ, ತರಬೇತಿ ಕೇಂದ್ರ ಎಂದು ಹೆಸರಿಟ್ಟುಕೊಂಡವನು ತಾನು ಏಜೆಂಟನೇ ಅಲ್ಲವೆಂದು ಕೈತೊಳೆದುಕೊಳ್ಳುತ್ತಾನೆ. ಲಕ್ಷಗಳ ವ್ಯವಹಾರ ರಸೀದಿಯಿಲ್ಲದೆ ನಡೆಯುತ್ತದೆ.

ಇಷ್ಟೆಲ್ಲ ತಿಳಿದಿದ್ದೂ ವಿದ್ಯಾವಂತ ತರುಣ ಏಕೆ ಆ ಮೆಟ್ಟಿಲು ಹತ್ತುತ್ತಾನೆ? ಇಲ್ಲಿಗೆ ನಾವು ವಿಷಯದ ಮೂಲಕ್ಕೆ ಬಂದೆವು. ಪತ್ರ ಪಡೆ ಎಂದು ಸರ್ಕಾರ ಹೇಳುತ್ತದೆ. ಪಡೆದವನಿಗೆ ಕೆಲಸ ಕೊಡುವುದಿಲ್ಲ. ಅವನನ್ನು ವಿಮಾನ ಹತ್ತಿಸುತ್ತಿರುವುದು ಡಾಲರಿನ ಆಸೆಗಿಂತ ಮಿಗಿಲಾಗಿ ವಿಧಾನಸೌಧದ ಕಡತಗಳು.

ಆರರಿಂದ ಎಂಟನೆಯ ತರಗತಿಗೆ ಪದವೀಧರ ಶಿಕ್ಷಕರ 15 ಸಾವಿರ ಹುದ್ದೆಗಳಿಗೆ 2022ರ ಮೇ ತಿಂಗಳಿನಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳ ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಂದೆಯ ಹೆಸರಿನದಾಗಿರಬೇಕೋ ಗಂಡನ ಹೆಸರಿನದಾಗಿರಬೇಕೋ ಎಂಬ ವ್ಯಾಜ್ಯ ಹೈಕೋರ್ಟಿಗೆ ಹೋಗಿ, ಆಯ್ಕೆಯಾದವರು ಶಾಲೆಯ ಮುಖ ನೋಡುವ ಹೊತ್ತಿಗೆ ವರ್ಷ ಕಳೆದುಹೋಗಿತ್ತು. ಅರ್ಜಿ ಕರೆಯುವ ಮೊದಲೇ ಇಲಾಖೆ ಈ ಒಂದು ವಾಕ್ಯವನ್ನು ಸರಿಯಾಗಿ ಬರೆದಿದ್ದರೆ ಸಾಕಿತ್ತು. ಆಮೇಲೆ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ ನಿರ್ಧರಿಸಿತು. ತೀರ್ಮಾನ ಹೊರಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ದಶಕಗಳ ಹೋರಾಟದ ಫಲ. ಅದರ ಮೇಲೆ ಗೂಬೆ ಕೂರಿಸುವವರೊಡನೆ ನಾವಿಲ್ಲ. ದಶಕಗಳ ಕಾಲ ಅದನ್ನು ಕಪಾಟಿನಲ್ಲಿಟ್ಟು, ಕೊನೆಗೆ ನೇಮಕಾತಿಯನ್ನೇ ನಿಲ್ಲಿಸಿದ ಆಳುವವರ ಆಲಸ್ಯವನ್ನು ನಾವು ಖಂಡಿಸುತ್ತೇವೆ. ಆ ವರ್ಷ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದದ್ದು ಇದೇ ಸಂಕಟದಿಂದ. ಕಾಯುವವನ ವಯಸ್ಸು ಮಾತ್ರ ಯಾವ ಮಂತ್ರಿಮಂಡಲದ ತೀರ್ಮಾನಕ್ಕೂ ಕಾಯುವುದಿಲ್ಲ.

ಖಾಲಿ ಹುದ್ದೆಗಳನ್ನು ತುಂಬಿರುವುದು ಅತಿಥಿ ಶಿಕ್ಷಕರಿಂದ. ಅತಿಥಿ! ಎಂಥ ಹೆಸರು! ಜೂನಿನಲ್ಲಿ ಕರೆದು ಬೇಸಿಗೆಗೆ ಕಳಿಸಿಬಿಡುವ ಅತಿಥಿ; ಊಟ ಹಾಕದೆ ಕೆಲಸ ಮಾಡಿಸಿಕೊಳ್ಳುವ ಆತಿಥ್ಯ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಇಂಥವರು ನಲವತ್ತು ಸಾವಿರಕ್ಕೂ ಮೇಲ್ಪಟ್ಟಿದ್ದಾರೆ. ಪ್ರಾಥಮಿಕ ಶಾಲೆಯ ಅತಿಥಿಗೆ ತಿಂಗಳಿಗೆ 10 ಸಾವಿರ ರೂಪಾಯಿ ಇದ್ದದ್ದನ್ನು 2025ರ ಮುಂಗಡಪತ್ರದಲ್ಲಿ 2 ಸಾವಿರ ಏರಿಸಿದರು. ಹನ್ನೆರಡು ಸಾವಿರವೆಂದರೆ ದಿನಕ್ಕೆ 400 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370. ಕೂಲಿಯವನಿಗೆ ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ, ಅದೂ ಕಡಿಮೆಯೇ. ಎರಡು ಪದವಿ, ಒಂದು ಅರ್ಹತಾ ಪರೀಕ್ಷೆ ದಾಟಿದವನಿಗೆ ರಾಜ್ಯ ಕಟ್ಟುವ ಬೆಲೆ ಅದಕ್ಕಿಂತ 30 ರೂಪಾಯಿ ಹೆಚ್ಚು ಎಂದಷ್ಟೇ ತೋರಿಸುತ್ತಿದ್ದೇವೆ. ಅದೇ ರಾಜ್ಯ 2024ರ ಆಗಸ್ಟಿನಿಂದ ತನ್ನ ಖಾಯಂ ನೌಕರನ ಕನಿಷ್ಠ ಮೂಲವೇತನವನ್ನು 27 ಸಾವಿರ ಎಂದು ಗೊತ್ತು ಮಾಡಿದೆ. ಒಂದೇ ಶಾಲೆ, ಒಂದೇ ಹಲಗೆ, ಒಂದೇ ಸುಣ್ಣದ ಕಡ್ಡಿ; ಸಂಬಳ ಮಾತ್ರ ಎರಡು ಜಾತಿ. ಇದನ್ನು ಗೌರವಧನ ಎಂದು ಕರೆಯುವಾಗ ಇಲಾಖೆಗೆ ನಾಚಿಕೆಯಾಗಬೇಕು.

ದೇಶದಲ್ಲಿ ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳು 2024-25ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇದ್ದವೆಂದು ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದಾಗ ಮಕ್ಕಳೂ ತಂದೆತಾಯಂದಿರೂ ಶಾಲೆಯ ಬಾಗಿಲಲ್ಲಿ ಕೂತು ಪ್ರತಿಭಟಿಸಬೇಕಾಯಿತು. ಒಂದು ಕಡೆ ಉಪಾಧ್ಯಾಯನಿಲ್ಲದ ಮಕ್ಕಳು. ಇನ್ನೊಂದು ಕಡೆ ಮಕ್ಕಳಿಲ್ಲದ ಉಪಾಧ್ಯಾಯರು ವಿಜಯನಗರದ ಬಾಡಿಗೆ ಕುರ್ಚಿಗಳಲ್ಲಿ. ಇವೆರಡನ್ನು ಜೋಡಿಸಲಾರದ ಆಡಳಿತವನ್ನು ಆಡಳಿತವೆನ್ನಬಹುದೆ?

ಹೊರಗೆ ಹೋಗುವವರನ್ನು ದೇಶಾಭಿಮಾನ ಇಲ್ಲದವರೆಂದು ಬೈಯುವ ಉಪನ್ಯಾಸಕರು ನಮ್ಮಲ್ಲಿದ್ದಾರೆ. ಅವರಲ್ಲಿ ಬಹುಮಂದಿಯ ಮಕ್ಕಳು ಈಗಾಗಲೇ ಹೊರಗಿದ್ದಾರೆ ಎಂಬುದನ್ನು ಬಿಡೋಣ. ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲೇ ಭಾರತದ ಉಪಾಧ್ಯಾಯರು ಇಥಿಯೋಪಿಯಾ, ಘಾನಾ, ನೈಜೀರಿಯಾಗಳ ಶಾಲೆಗಳಿಗೆ ಹೋಗಿ ಒಂದು ತಲೆಮಾರಿಗೇ ಅಕ್ಷರ ಕಲಿಸಿದರು. ಮಾಲ್ದೀವಿನ ಸಣ್ಣ ಸಣ್ಣ ದ್ವೀಪಗಳ ತರಗತಿಗಳಲ್ಲಿ ಇಂದಿಗೂ ನಮ್ಮವರಿದ್ದಾರೆ. ಒಬ್ಬ ಉಪಾಧ್ಯಾಯ ಇನ್ನೊಂದು ದೇಶದ ಬಡ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಅದು ದ್ರೋಹವಲ್ಲ, ಮನುಷ್ಯ ಮನುಷ್ಯನಿಗೆ ಸಲ್ಲಿಸುವ ಸೇವೆ. ಕೆಲಸಗಾರನಿಗೆ ತನ್ನ ದುಡಿಮೆಯನ್ನು ಎಲ್ಲಿ ಮಾರಬೇಕೆಂದು ನಿರ್ಧರಿಸುವ ಹಕ್ಕಿದೆ. ಆದರೆ ಆ ಹಕ್ಕು ಎಲ್ಲರಿಗೂ ಒಂದೇ ಅಳತೆಯಲ್ಲಿ ಇಲ್ಲವೆಂಬುದೂ ನಿಜ. ನಗರದ ಇಂಗ್ಲಿಷ್ ಶಾಲೆಯಲ್ಲಿ ಓದಿ, ಮನೆಯಲ್ಲಿ ಸಂಬಳದಾರರಿರುವ ಹುಡುಗನಿಗೆ ಪರದೇಶ ಒಂದು ಪ್ರಯೋಗ. ಸೋತರೆ ಮರಳಿ ಬರುತ್ತಾನೆ. ಎರಡೆಕರೆ ಒಣಭೂಮಿಯ ರೈತನ ಮಗಳಿಗೆ ಅದು ಒಂದೇ ಎಸೆತದ ಪಗಡೆ.

ಆದ್ದರಿಂದ ನಮ್ಮನ್ನು ಕೇಳುವ ತರುಣರಿಗೆ ನಾವು ಹೇಳುವುದಿಷ್ಟು. ಮೊದಲು ಪತ್ರ. ಎರಡು ವರ್ಷ ದೀರ್ಘವೆಂದು ತೋರುತ್ತದೆ, ಮನೆಯಲ್ಲಿ ತಮ್ಮ ತಂಗಿಯರು ಕಾಯುತ್ತಿರುವಾಗ ಇನ್ನೂ ದೀರ್ಘ, ನಾವು ಬಲ್ಲೆವು. ಆದರೂ ಪತ್ರವಿಲ್ಲದೆ ಹೊರಗೆ ಕಳೆದ ಎರಡು ವರ್ಷ ಇಲ್ಲಿಗೆ ಬಂದಾಗ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಹಿಡಿದು ಇಲ್ಲಿ ಕಳೆದ ಎರಡು ವರ್ಷ ಎಲ್ಲಿಗೆ ಹೋದರೂ ಲೆಕ್ಕಕ್ಕಿದೆ. ಹಾಜರಿ ಕೇಳದ ಕಾಲೇಜಿಗೆ ಸೇರಬೇಡಿ. ಅಲ್ಲಿ ಉಳಿಸಿದ ಸಮಯವನ್ನು ಮುಂದೆ ತರಗತಿಯ ಮಕ್ಕಳ ಎದುರು ನಿಂತು ತೀರಿಸಬೇಕಾಗುತ್ತದೆ. ಚಿಕ್ಕ ಮಕ್ಕಳಿಗೆ ಕಲಿಸುವ ಮನಸ್ಸಿದ್ದರೆ ಬಿ.ಎಡ್.ಗೆ ಬದಲು ಡಿಪ್ಲೊಮಾ ಹಿಡಿಯಿರಿ. ಆಮೇಲೆ ಎರಡು ವರ್ಷ ಎಲ್ಲಾದರೂ ಕಲಿಸಿ, ಅನುಭವದ ಕಾಗದವನ್ನು ತಪ್ಪದೆ ಬರೆಸಿಕೊಳ್ಳಿ. ಹೊರಗೆ ಹೋಗುವ ಮನಸ್ಸು ಆಗಲೂ ಇದ್ದರೆ ಧಾರಾಳವಾಗಿ ಹೋಗಿ. ಆದರೆ ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಶಾಲೆಯ ಹೆಸರಿರುವ ಕರಾರು ಪತ್ರ ಓದಿ, ಕೆಲಸದ ವೀಸಾ ಅಲ್ಲದ ಬೇರೆ ಯಾವ ವೀಸಾದ ಮೇಲೂ ಹೆಜ್ಜೆ ಇಡಬೇಡಿ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ಈ ದಾರಿಗಾಗಿ ಭೂಮಿಯನ್ನು ಮಾತ್ರ ಅಡವಿಡಬೇಡಿ.

ಸರ್ಕಾರಕ್ಕೆ ನಮ್ಮ ಆಗ್ರಹ ಇನ್ನೂ ಸರಳ. ಮೊದಲನೆಯದಾಗಿ, ಖಾಲಿ ಇರುವ ಶಿಕ್ಷಕ ಹುದ್ದೆಗಳನ್ನು ಚುನಾವಣೆಯ ಮುಹೂರ್ತ ನೋಡದೆ ಪ್ರತಿವರ್ಷ ಗೊತ್ತಾದ ತಿಂಗಳಿನಲ್ಲಿ ತುಂಬಬೇಕು. ಅರ್ಹತಾ ಪರೀಕ್ಷೆಯೂ ನೇಮಕಾತಿ ಪರೀಕ್ಷೆಯೂ ಪಂಚಾಂಗದಷ್ಟು ನಿಶ್ಚಿತವಾಗಿರಬೇಕು. ಎರಡನೆಯದಾಗಿ, ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವ ಅತಿಥಿ ಶಿಕ್ಷಕರಿಗೂ ಸಲ್ಲಬೇಕು. ಅವರ ಸೇವೆಗೆ ನೇಮಕಾತಿಯಲ್ಲಿ ಅಂಕ ದೊರೆಯಬೇಕು. ಮೂರನೆಯದಾಗಿ, ಬಿ.ಎಡ್. ವಿದ್ಯಾರ್ಥಿ ಶಾಲೆಯಲ್ಲಿ ಅಭ್ಯಾಸ ಮಾಡುವ 20 ವಾರಗಳಿಗೆ ಭತ್ಯೆ ಕೊಡಬೇಕು. ವೈದ್ಯ ವಿದ್ಯಾರ್ಥಿಗೆ ಕೊಡುವುದು ನ್ಯಾಯವಾದರೆ ಇವನಿಗೆ ಏಕೆ ಅನ್ಯಾಯ? ನಾಲ್ಕನೆಯದಾಗಿ, ಕೇರಳ 1977ರಲ್ಲೇ ಹೊರದೇಶದ ಉದ್ಯೋಗಕ್ಕೆ ಸರ್ಕಾರಿ ಸಂಸ್ಥೆ ಕಟ್ಟಿತು. ನಮ್ಮಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೆಂಬುದೊಂದಿದೆ; ಅದು ಉಪಾಧ್ಯಾಯರ ಕಡೆಗೂ ಕಣ್ಣು ತೆರೆಯಲಿ, ಜಿಲ್ಲಾ ಕೇಂದ್ರಗಳಲ್ಲಿ ಶಾಖೆ ಇಡಲಿ. ಹೋಗಿ ಮರಳಿದವರ ಅನುಭವವನ್ನು ಸೇವಾಕಾಲವೆಂದು ಗಣಿಸಲಿ. ವಿಜಯನಗರ ರಾಜಾಜಿನಗರಗಳ ಸಲಹಾ ಕೇಂದ್ರಗಳ ಲೆಕ್ಕಪುಸ್ತಕಗಳನ್ನು ಕಾರ್ಮಿಕ ಇಲಾಖೆ ಒಮ್ಮೆ ತೆರೆದು ನೋಡಲಿ.

ತರುಣರಿಗೆ ಕಡೆಯದಾಗಿ ಒಂದು ಮಾತು. ಓದುವ ಮನೆಯಲ್ಲಿ ಪಕ್ಕದ ಕುರ್ಚಿಯವನನ್ನು ಪ್ರತಿಸ್ಪರ್ಧಿಯೆಂದು ನೋಡುವ ಅಭ್ಯಾಸವನ್ನು ಈ ವ್ಯವಸ್ಥೆ ನಿಮಗೆ ಕಲಿಸಿದೆ. ಹತ್ತು ಹುದ್ದೆಗೆ ಸಾವಿರ ಜನ ಬಡಿದಾಡುತ್ತಿರುವವರೆಗೆ, ಹುದ್ದೆ ಏಕೆ ಹತ್ತೇ ಎಂದು ಯಾರೂ ಕೇಳುವುದಿಲ್ಲ. ಲೂಸಿಯಾನದಲ್ಲಿ ಕೇಳಿದವರು ಪರದೇಶದ ನೆಲದಲ್ಲಿ, ಸಾಲದ ಹೊರೆಯ ಕೆಳಗೆ, ಒಟ್ಟಾಗಿ ಕೇಳಿದರು. ನಿಮ್ಮದೇ ನೆಲದಲ್ಲಿ, ನಿಮ್ಮದೇ ಭಾಷೆಯಲ್ಲಿ, ನಿಮ್ಮದೇ ಮತದಿಂದ ಆರಿಸಿದ ಸರ್ಕಾರವನ್ನು ಕೇಳಲು ನಿಮಗೇನು ಅಂಜಿಕೆ?